ದೇವರು ಕೊಟ್ಟರೂ ಪೂಜಾರಿ ಕೊಡ: ಫ್ಲಾರಿಡಾದಲ್ಲಿ ಮತದ ಹಕ್ಕು ಬಾಕಿ ಪುಸ್ತಕಕ್ಕೆ ಸಿಕ್ಕಿಕೊಂಡ ಬಗೆ

2018ರ ನವೆಂಬರ್ 6ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಮತದಾರರು ಒಂದೇ ಮತಪತ್ರದಲ್ಲಿ ಎರಡು ತೀರ್ಮಾನ ಕೊಟ್ಟರು. ಗವರ್ನರ್ ಹುದ್ದೆಗೆ ರಿಪಬ್ಲಿಕನ್ ಪಕ್ಷದ ರಾನ್ ಡಿಸ್ಯಾಂಟಿಸ್ ಅವರನ್ನು ಸುಮಾರು 32 ಸಾವಿರ ಮತಗಳ ಅಂತರದಲ್ಲಿ ಗೆಲ್ಲಿಸಿದರು, ಅಂದರೆ ಬರೀ ಶೇ 0.4. ಅದೇ ಹಾಳೆಯಲ್ಲಿ 4ನೇ ಸಂಖ್ಯೆಯಡಿ ಇದ್ದ ರಾಜ್ಯ ಸಂವಿಧಾನದ ತಿದ್ದುಪಡಿಗೆ ಶೇ 64.55ರಷ್ಟು ಬೆಂಬಲ ಕೊಟ್ಟರು. ಸಂಖ್ಯೆಯಲ್ಲಿ 51 ಲಕ್ಷಕ್ಕೂ ಹೆಚ್ಚು ಮತ. ಗೆದ್ದ ಗವರ್ನರ್‌ಗೆ ಬಿದ್ದದ್ದು 40 ಲಕ್ಷ ಚಿಲ್ಲರೆ. ರಿಪಬ್ಲಿಕನ್ ಬೆಂಬಲಿಗರಲ್ಲಿ ದೊಡ್ಡ ಪಾಲು ತಿದ್ದುಪಡಿಗೂ ಹೂಂ ಅಂದಿರದಿದ್ದರೆ ಈ ಲೆಕ್ಕ ಕೂಡುವುದೇ ಇಲ್ಲ.

ತಿದ್ದುಪಡಿ ಹೇಳಿದ್ದು ಇಷ್ಟು: ಫೆಲೊನಿ ದರ್ಜೆಯ ಅಪರಾಧಕ್ಕೆ ಶಿಕ್ಷೆಯಾದವರು, ಪೆರೋಲ್ ಮತ್ತು ಪ್ರೊಬೇಷನ್ (ಜೈಲಿನ ಹೊರಗೆ ನಿಗಾದಲ್ಲಿ ಕಳೆಯುವ ಅವಧಿ) ಸೇರಿದಂತೆ ಶಿಕ್ಷೆಯ ಎಲ್ಲ ಷರತ್ತುಗಳನ್ನು ಪೂರೈಸಿದ ಮೇಲೆ ಅವರ ಮತದ ಹಕ್ಕು ತಾನಾಗಿ ಮರಳುತ್ತದೆ, ಕೊಲೆ ಮತ್ತು ಲೈಂಗಿಕ ಅಪರಾಧದಲ್ಲಿ ಶಿಕ್ಷೆಯಾದವರಿಗೆ ಇದು ಅನ್ವಯಿಸದು. ಇದರಿಂದ ಸುಮಾರು 14 ಲಕ್ಷ ಜನರಿಗೆ ಮತ ಸಿಗುತ್ತದೆ ಎಂಬ ಅಂದಾಜಿತ್ತು. ಎರಡು ವರ್ಷ ಕಳೆದು ಅಧ್ಯಕ್ಷೀಯ ಚುನಾವಣೆ ಬಂದಾಗ ಅವರಲ್ಲಿ ಬಹುಪಾಲು ಮಂದಿ ಹೊರಗೇ ಉಳಿದಿದ್ದರು. ತಿದ್ದುಪಡಿಯನ್ನು ಯಾರೂ ರದ್ದು ಮಾಡಿರಲಿಲ್ಲ, ಅದರ ಒಂದಕ್ಷರವೂ ಬದಲಾಗಿರಲಿಲ್ಲ. ಒಂದೇ ಒಂದು ಪ್ರಶ್ನೆ ಅಡ್ಡ ನಿಂತಿತ್ತು: ನಿಮ್ಮ ಬಾಕಿ ಎಷ್ಟು?

ಹಿನ್ನೆಲೆ

ಫ್ಲಾರಿಡಾದಲ್ಲಿ ಫೆಲೊನಿ ಎಂದರೆ ಒಂದು ವರ್ಷಕ್ಕಿಂತ ಹೆಚ್ಚು ಸೆರೆವಾಸ ವಿಧಿಸಬಹುದಾದ ಅಪರಾಧ. ಕೇಳುವುದಕ್ಕೆ ಭಾರೀ ಎನಿಸಿದರೂ, 2019ರವರೆಗೆ 300 ಡಾಲರ್ ಬೆಲೆಯ ವಸ್ತು ಕದ್ದರೂ ಅದು ಫೆಲೊನಿಯೇ. ಆಮೇಲೆ ಮಿತಿಯನ್ನು 750ಕ್ಕೆ ಏರಿಸಿದರು. ಅಂಥವನಿಗೂ ಮತದ ಹಕ್ಕು ಆಜೀವ ಹೋಗುತ್ತಿತ್ತು. ಈ ಆಜೀವ ನಿಷೇಧದ ಬೇರು 1868ರ ರಾಜ್ಯ ಸಂವಿಧಾನದಲ್ಲಿದೆ. ಅಂತರ್ಯುದ್ಧದಲ್ಲಿ ಸೋತ ರಾಜ್ಯ ಒಕ್ಕೂಟಕ್ಕೆ ಮರಳಬೇಕಾದರೆ ಕಪ್ಪು ಗಂಡಸರಿಗೆ ಮತ ಕೊಡಲೇಬೇಕಿತ್ತು. ಹಾಗೆ ಕೊಟ್ಟ ದಾಖಲೆಯಲ್ಲೇ ಶಿಕ್ಷೆಯಾದವರಿಗೆ ಬಾಗಿಲು ಹಾಕಲಾಯಿತು. ಒಂದೂವರೆ ಶತಮಾನದ ನಂತರ, 2016ರ ಅಂದಾಜಿನಲ್ಲಿ, ರಾಜ್ಯದ ಕಪ್ಪು ವಯಸ್ಕರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಮತವಿರಲಿಲ್ಲ. ತಲೆ ಎಣಿಸಿದರೆ ಹಕ್ಕು ಕಳೆದುಕೊಂಡವರಲ್ಲಿ ಕಪ್ಪು ಜನರಲ್ಲದವರೇ ಹೆಚ್ಚು. ಜನಸಂಖ್ಯೆಯಲ್ಲಿನ ಪಾಲಿಗೆ ಹೋಲಿಸಿದರೆ ಮಾತ್ರ ಪೆಟ್ಟು ಎಲ್ಲಿ ಬಿದ್ದಿದೆ ಎಂದು ಕಾಣುತ್ತದೆ.

ನಮ್ಮ ಓದುಗರಿಗೆ ಇದು ವಿಚಿತ್ರವಾಗಿ ಕಾಣಬಹುದು. ಭಾರತದ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62(5)ನೇ ಕಲಮಿನಂತೆ ಜೈಲಿನೊಳಗೆ ಇದ್ದಷ್ಟು ದಿನ ಮತ ಹಾಕುವಂತಿಲ್ಲ. ಹೊರಗೆ ಬಂದವನನ್ನು ಮತಗಟ್ಟೆಯಲ್ಲಿ ಯಾರೂ ದಂಡದ ರಸೀದಿ ಕೇಳುವುದಿಲ್ಲ.

ಫ್ಲಾರಿಡಾದಲ್ಲಿ ಹಕ್ಕು ವಾಪಸ್ ಬೇಕಾದರೆ ಕ್ಷಮಾದಾನ ಮಂಡಳಿಯ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ಗವರ್ನರ್ ಮತ್ತು ಅವರ ಸಂಪುಟವೇ ಆ ಮಂಡಳಿ. ಚಾರ್ಲಿ ಕ್ರಿಸ್ಟ್ ಗವರ್ನರ್ ಆಗಿದ್ದಾಗ, ಆಗ ಅವರೂ ರಿಪಬ್ಲಿಕನ್ನೇ, 2007ರಲ್ಲಿ ನಿಯಮ ಸಡಿಲಿಸಿ ನಾಲ್ಕು ವರ್ಷದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಹಕ್ಕು ಮರಳಿಸಿದರು. 2011ರಲ್ಲಿ ಬಂದ ರಿಕ್ ಸ್ಕಾಟ್ ಅದನ್ನು ತಿರುಗಿಸಿ, ಶಿಕ್ಷೆ ಮುಗಿದ ಮೇಲೂ ಐದು ಅಥವಾ ಏಳು ವರ್ಷ ಕಾದು ಅರ್ಜಿ ಹಾಕಬೇಕೆಂದರು. ಅವರ ಅವಧಿಯಲ್ಲಿ ಹಕ್ಕು ಮರಳಿದ್ದು ಸುಮಾರು 3,000 ಜನರಿಗೆ. ಇದಕ್ಕೆ ಮಾನದಂಡವೇ ಇಲ್ಲ, ನಮಗೆ ತೋಚಿದಂತೆ ಮಾಡಬಹುದು ಎಂದು ಸ್ಕಾಟ್ ವಿಚಾರಣೆಯಲ್ಲೇ ಬಾಯಿಬಿಟ್ಟು ಹೇಳಿದ್ದರು. 2018ರ ಫೆಬ್ರವರಿಯಲ್ಲಿ ಫೆಡರಲ್ ನ್ಯಾಯಾಧೀಶ ಮಾರ್ಕ್ ವಾಕರ್ ಈ ಪದ್ಧತಿ ಸಂವಿಧಾನಬಾಹಿರ ಎಂದಾಗ ಆ ಮಾತನ್ನೇ ತೀರ್ಪಿನಲ್ಲಿ ಎತ್ತಿ ತೋರಿಸಿದರು. ಮೇಲಿನ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು.

ಈ ಮಂಡಳಿಯನ್ನು ಬದಿಗಿಡಲೆಂದೇ ಡೆಸ್ಮಂಡ್ ಮೀಡ್ ನೇತೃತ್ವದ ಫ್ಲಾರಿಡಾ ರೈಟ್ಸ್ ರೆಸ್ಟೊರೇಶನ್ ಕೊಯಲಿಶನ್ ಸಹಿ ಸಂಗ್ರಹಕ್ಕೆ ಇಳಿಯಿತು. ಮತಪತ್ರಕ್ಕೆ ಬರಲು 7,66,200 ಸಿಂಧು ಸಹಿ ಬೇಕಿತ್ತು, ಅಂಗೀಕಾರಕ್ಕೆ ಶೇ 60 ಮತ. ಎರಡೂ ಸಿಕ್ಕವು. ಸಂಪ್ರದಾಯವಾದಿ ರಾಜಕಾರಣಕ್ಕೆ ಹಣ ಸುರಿದ ಉದ್ಯಮಿಗಳಾದ ಕೋಕ್ ಸಹೋದರರ ಜಾಲದ ಸಂಸ್ಥೆಯೊಂದೂ ಬೆಂಬಲಿಸಿತ್ತು. ಹಾಗಾಗಿ ಮುಂದಿನ ಕಥೆಯನ್ನು "ಸಂಪ್ರದಾಯವಾದಿಗಳು ವಿರೋಧಿಸಿದರು" ಎಂದು ಒಂದೇ ಗೆರೆಯಲ್ಲಿ ಬರೆದುಬಿಡುವುದು ತಪ್ಪಾಗುತ್ತದೆ. ಮತ ಹಾಕಿದ ಸಂಪ್ರದಾಯವಾದಿ ಬೇರೆ, ರಾಜಧಾನಿ ಟ್ಯಾಲಹಾಸಿಯಲ್ಲಿ ಕಾನೂನು ಬರೆದವರು ಬೇರೆ.

"ಎಲ್ಲ" ಎಂಬ ಎರಡಕ್ಷರ

2019ರ ಜನವರಿ 8ರಂದು ತಿದ್ದುಪಡಿ ಜಾರಿಗೆ ಬಂತು, ಜನ ಅಂದೇ ನೋಂದಣಿಗೆ ಸಾಲು ನಿಂತರು. ಇದಕ್ಕೆ ಬೇರೆ ಕಾನೂನೇ ಬೇಕಿಲ್ಲ ಎಂದು ಬೆಂಬಲಿಗರ ವಾದ, ಬೇಕು ಎಂದು ಡಿಸ್ಯಾಂಟಿಸ್ ವಾದ. ಮೇ ತಿಂಗಳಲ್ಲಿ ಶಾಸನಸಭೆ ಸೆನೆಟ್ ಮಸೂದೆ 7066 ಅನ್ನು ಪಕ್ಷದ ಗೆರೆಗೆ ಸರಿಯಾಗಿ ಅಂಗೀಕರಿಸಿತು. ಜೂನ್ 28ರಂದು ಗವರ್ನರ್ ಸಹಿ ಬಿತ್ತು. "ಶಿಕ್ಷೆಯ ಎಲ್ಲ ಷರತ್ತು" ಎಂದರೆ ಜೈಲು, ಪೆರೋಲ್, ಪ್ರೊಬೇಷನ್ ಅಷ್ಟೇ ಅಲ್ಲ, ಶಿಕ್ಷೆಯ ಆದೇಶಪತ್ರದ ನಾಲ್ಕು ಅಂಚಿನೊಳಗೆ ಬರೆದ ದಂಡ, ಕೋರ್ಟ್ ಶುಲ್ಕ, ಸಂತ್ರಸ್ತರಿಗೆ ಕೊಡಬೇಕಾದ ಪರಿಹಾರ, ಎಲ್ಲವನ್ನೂ ಚುಕ್ತಾ ಮಾಡಿರಬೇಕು ಎಂದು ಅದು ವ್ಯಾಖ್ಯಾನಿಸಿತು. ಬಡವರೆಂದು ನ್ಯಾಯಾಧೀಶರು ಬಾಕಿಯನ್ನು ಸಿವಿಲ್ ಸಾಲವಾಗಿ ಬದಲಿಸಿಕೊಟ್ಟಿದ್ದರೆ? ಫ್ಲಾರಿಡಾದಲ್ಲಿ ಇದು ತೀರಾ ಸಾಮಾನ್ಯ. ಅದೂ ಲೆಕ್ಕಕ್ಕಿಲ್ಲ, ಸಾಲ ಸಾಲವೇ ಎಂದಿತು ಮಸೂದೆ.

ಇಲ್ಲಿ ಬೆಂಬಲಿಗರ ಕಡೆಯ ಎಡವಟ್ಟನ್ನೂ ಹೇಳಬೇಕು. 2017ರ ಮಾರ್ಚ್‌ನಲ್ಲಿ ತಿದ್ದುಪಡಿಯ ಒಕ್ಕಣೆಯನ್ನು ರಾಜ್ಯ ಸುಪ್ರೀಂ ಕೋರ್ಟು ಪರಿಶೀಲಿಸುತ್ತಿದ್ದಾಗ, ಎಲ್ಲ ಷರತ್ತು ಎಂದರೆ ದಂಡವೂ ಸೇರುತ್ತದೆಯೇ ಎಂದು ನ್ಯಾಯಮೂರ್ತಿಯೊಬ್ಬರು ಕೇಳಿದರು. ಪ್ರಾಯೋಜಕರ ಪರ ವಕೀಲ ಜಾನ್ ಮಿಲ್ಸ್ ಹೌದು ಎಂದರು. ಪರಿಹಾರಧನ? ಅದಕ್ಕೂ ಹೌದು. ಆ ಹೊತ್ತಿಗೆ ಅವರಿಗೆ ಬೇಕಿದ್ದದ್ದು ಒಕ್ಕಣೆ ಸ್ಪಷ್ಟವಾಗಿದೆ ಎಂಬ ಒಪ್ಪಿಗೆ. 2020ರ ಜನವರಿ 16ರಂದು ಅದೇ ಕೋರ್ಟು ಗವರ್ನರ್ ಕೋರಿಕೆಯ ಮೇರೆಗೆ ಸಲಹಾ ಅಭಿಪ್ರಾಯ ಕೊಡುವಾಗ ಆ "ಹೌದು" ಸರ್ಕಾರದ ಪರ ಸಾಕ್ಷಿಯಾಯಿತು. ಮಸೂದೆಯ ಪರವಾಗಿ ರಿಪಬ್ಲಿಕನ್ನರು ಆಡಿದ ಮಾತಿನಲ್ಲಿ ಅತಿ ಗಟ್ಟಿಯಾದದ್ದೂ ಇದೇ: ಎಲ್ಲ ಎಂದರೆ ಎಲ್ಲ, ನಿಮ್ಮವರೇ ಹೇಳಿದ್ದು. ಬರೀ ಪದದ ಅರ್ಥದ ಮೇಲೆ ಹೋದರೆ ಅದನ್ನು ತಳ್ಳಿಹಾಕುವುದು ಕಷ್ಟ.

ತೊಂದರೆ ಶುರುವಾಗುವುದು ಈ ಅರ್ಥವನ್ನು ಒಪ್ಪಿಕೊಂಡು, ಕೋರ್ಟಿನ ಕಡತ ಮತ್ತು ಹಣದ ಲೆಕ್ಕ ಇಡುವ ಕ್ಲರ್ಕ್ ಕಚೇರಿಗೆ ಹೋದಾಗ.

ಕೌಂಟರಿನಲ್ಲಿ ಏನಾಗುತ್ತದೆ

ಮೊದಲು ಈ ಹಣ ಹುಟ್ಟುವುದೆಲ್ಲಿ ಎಂದು ನೋಡಬೇಕು. 1998ರಲ್ಲಿ ಫ್ಲಾರಿಡಾ ತನ್ನ ಸಂವಿಧಾನ ತಿದ್ದಿ, ಕೋರ್ಟ್ ಕ್ಲರ್ಕ್ ಕಚೇರಿಗಳು ಶುಲ್ಕದಿಂದಲೇ ನಡೆಯಬೇಕೆಂದು ಮಾಡಿತು. ಆ ಆಸುಪಾಸಿನ ಹತ್ತು ಹನ್ನೆರಡು ವರ್ಷದಲ್ಲಿ 20ಕ್ಕೂ ಹೆಚ್ಚು ಹೊಸ ಬಗೆಯ ವಸೂಲಿಗಳು ಬಂದವು. ಫೆಲೊನಿ ಪ್ರಕರಣವೊಂದಕ್ಕೆ ಕಡ್ಡಾಯವಾಗಿ ಬೀಳುವ 225 ಡಾಲರ್‌ನಲ್ಲಿ 200 ಕ್ಲರ್ಕ್ ಕಚೇರಿಯ ಖರ್ಚಿಗೆ, 25 ರಾಜ್ಯದ ಬೊಕ್ಕಸಕ್ಕೆ. ದುಡ್ಡಿಲ್ಲದ ಆರೋಪಿಗೆ ಸರ್ಕಾರಿ ವಕೀಲ ಪುಕ್ಕಟೆ ಎಂದು ನಾವಂದುಕೊಳ್ಳುತ್ತೇವೆ. ಅಲ್ಲಿ ಅರ್ಜಿಗೆ 50, ವಕೀಲರಿಗೆ ಕನಿಷ್ಠ 100, ಪ್ರಾಸಿಕ್ಯೂಷನ್ ಖರ್ಚೆಂದು ಇನ್ನೊಂದು 100. ತನ್ನನ್ನು ಜೈಲಿಗೆ ಕಳಿಸಿದ ವಕೀಲನ ಖರ್ಚನ್ನೂ ಅವನೇ ಕಟ್ಟಬೇಕು. ಮಾದಕವಸ್ತು ಸಾಗಣೆಯಲ್ಲಿ ಕಾನೂನೇ ನಿಗದಿ ಮಾಡಿದ ದಂಡ 25 ಸಾವಿರ, 50 ಸಾವಿರ ಹೀಗೆ ಏರುತ್ತದೆ. ಇದನ್ನೆಲ್ಲ ವಿಧಿಸುವಾಗ ಕಟ್ಟುವ ಶಕ್ತಿ ಇದೆಯೇ ಎಂದು ನೋಡುವ ಕ್ರಮವಿಲ್ಲ.

ಕಟ್ಟದೆ ಉಳಿದರೆ ಕ್ಲರ್ಕ್ ಬಾಕಿಯನ್ನು ಖಾಸಗಿ ವಸೂಲಿ ಏಜೆನ್ಸಿಗೆ ಕೊಡುತ್ತಾರೆ. ಏಜೆನ್ಸಿ ಬಾಕಿಯ ಮೇಲೆ ಶೇ 40ರವರೆಗೆ ತನ್ನ ಪಾಲು ಸೇರಿಸಬಹುದು. ಒಂದು ಲೆಕ್ಕ ಹಾಕಿ ನೋಡೋಣ. ಆದೇಶಪತ್ರದಲ್ಲಿ 225 ಡಾಲರ್ ಇದೆ, ಏಜೆನ್ಸಿಯ 90 ಸೇರಿ 315 ಆಗಿದೆ. ನೀವು ಕಷ್ಟಪಟ್ಟು ಕಂತಿನಲ್ಲಿ 225 ಕಟ್ಟಿದ್ದೀರಿ. ಅದರಲ್ಲಿ ಸುಮಾರು 64 ಏಜೆನ್ಸಿಗೆ ಹೋಗಿ ಕ್ಲರ್ಕ್ ಪುಸ್ತಕದಲ್ಲಿ 161 ಜಮೆಯಾಗಿದೆ. ಈಗ ನಿಮ್ಮ ಬಾಕಿ ಎಷ್ಟು? ಪುಸ್ತಕ 64 ಅನ್ನುತ್ತದೆ. ಮಸೂದೆಯಲ್ಲೋ, ಆದೇಶದ ನಂತರ ಬೆಳೆದ ಶುಲ್ಕ ಲೆಕ್ಕಕ್ಕಿಲ್ಲ ಎಂದಿದೆ. ಹಾಗಾದರೆ ನೀವು ಕೊಟ್ಟ 225 ಪೂರ್ತಿ ಆದೇಶದ ಮೊತ್ತಕ್ಕೆ ಹೊಂದಿಕೆಯಾಗಿ ಬಾಕಿ ಸೊನ್ನೆಯೇ? ಮೊದಲನೆಯದಕ್ಕೆ ವಾಸ್ತವ ಬಾಕಿ ಪದ್ಧತಿ, ಎರಡನೆಯದಕ್ಕೆ ಪ್ರತಿ ಡಾಲರ್ ಪದ್ಧತಿ ಎಂದು, ಈ ಮಸೂದೆಯನ್ನು ಪ್ರಶ್ನಿಸಿ ಫೆಡರಲ್ ಕೋರ್ಟಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ ಹೆಸರು ಬಿತ್ತು. ರಾಜ್ಯ ಸರ್ಕಾರ ಎರಡನೆಯದನ್ನು ಹಿಡಿದದ್ದು 2020ರ ಮಾರ್ಚ್‌ನಲ್ಲಿ, ಮೊಕದ್ದಮೆ ವಿಚಾರಣೆಗೆ ಬರುವ ಹೊಸ್ತಿಲಲ್ಲಿ. ಯಾವ ಪದ್ಧತಿ ಎಂದು ಸರ್ಕಾರಕ್ಕೇ ತಿಳಿಯದ ಒಂದಿಡೀ ಅವಧಿಯಲ್ಲಿ ಮತದಾರ ಪ್ರಮಾಣ ಮಾಡಿ ಸಹಿ ಹಾಕಬೇಕಿತ್ತು.

ಪದ್ಧತಿ ಯಾವುದೇ ಇರಲಿ, ಎರಡು ಕಾಗದ ಬೇಕು: ಮೂಲ ಆದೇಶಪತ್ರ, ಮತ್ತು ಇದುವರೆಗೆ ಕಟ್ಟಿದ್ದರ ಲೆಕ್ಕ. 67 ಕೌಂಟಿ (ನಮ್ಮ ಜಿಲ್ಲೆಯಂತೆ), 67 ಕ್ಲರ್ಕ್, 67 ಬಗೆಯ ಪುಸ್ತಕ. ಹಳೆಯ ಕಡತಗಳು ಗೋದಾಮಿನಲ್ಲಿ, ಮೈಕ್ರೊಫಿಲ್ಮಿನಲ್ಲಿ, ಇಲ್ಲವೇ ಎಲ್ಲಿಯೂ ಇಲ್ಲ. ನಕಲು ಪುಟಕ್ಕೆ ಒಂದು ಡಾಲರ್, ದೃಢೀಕರಣಕ್ಕೆ ಎರಡು. ಪರಿಹಾರಧನವನ್ನು ನೇರವಾಗಿ ಸಂತ್ರಸ್ತರಿಗೇ ಕೊಟ್ಟಿದ್ದರೆ ಅದರ ಲೆಕ್ಕ ಕ್ಲರ್ಕ್ ಬಳಿ ಇರುವುದಿಲ್ಲ. ಬೇರೆ ರಾಜ್ಯದಲ್ಲಿ ಶಿಕ್ಷೆಯಾಗಿದ್ದರೆ ಅಲ್ಲಿಗೆ ಅಲೆಯಬೇಕು.

ವಿಚಾರಣೆಯಲ್ಲಿ ಹೊರಬಿದ್ದ ಎರಡು ಸಂಗತಿ ಇಲ್ಲಿ ಸಾಕು. ಫಿರ್ಯಾದಿಗಳಲ್ಲಿ ಒಬ್ಬರ ಹಳೆಯ ಪ್ರಕರಣಗಳ ಲೆಕ್ಕ ಸರಿಹೊಂದಿಸಲು ಹಿಲ್ಸ್‌ಬರೋ ಕೌಂಟಿಯ ಕ್ಲರ್ಕ್ ಕಚೇರಿಯ ನುರಿತ ಹಣಕಾಸು ಅಧಿಕಾರಿ, ಜೊತೆಗೆ ವರ್ಷಗಟ್ಟಲೆ ಅದೇ ಕೆಲಸ ಮಾಡಿದ ಸಹಾಯಕರು, ಎಲ್ಲ ಸೇರಿ 12ರಿಂದ 15 ಗಂಟೆ ಕೂತರು. ಕೊನೆಗೂ ಸಿಕ್ಕಿದ್ದು "ಬಹುಶಃ ಹೀಗಾಗಿರಬೇಕು" ಎಂಬ ವಿವರಣೆ. ಒಬ್ಬನ ಕಡತಕ್ಕೆ ಇಷ್ಟು. ಇನ್ನೊಂದು, ರಾಜ್ಯಶಾಸ್ತ್ರದ ಪ್ರಾಧ್ಯಾಪಕಿಯೊಬ್ಬರು ಸಂಶೋಧನಾ ವಿದ್ಯಾರ್ಥಿಗಳ ತಂಡ ಕಟ್ಟಿಕೊಂಡು, ಹೀಗೇ ಸುಮ್ಮನೆ ಆರಿಸಿದ 153 ಜನರ ಬಾಕಿಯನ್ನು ಆನ್‌ಲೈನ್ ದಾಖಲೆ ಮತ್ತು ಫೋನ್ ಮೂಲಕ ಪತ್ತೆ ಮಾಡಲು ಹೊರಟರು. ಮೂವರನ್ನು ಬಿಟ್ಟು ಉಳಿದ ಎಲ್ಲರ ವಿಷಯದಲ್ಲೂ ಒಂದು ದಾಖಲೆ ಇನ್ನೊಂದಕ್ಕೆ ತಾಳೆಯಾಗಲಿಲ್ಲ.

ಫಾರ್ಮ್ ತುಂಬಿದ ಮೇಲೆ

ನೋಂದಣಿಯ ಕ್ರಮವೇ ಬಲೆಯಂತಿದೆ. ಅರ್ಜಿದಾರ ಫಾರ್ಮಿನಲ್ಲಿ ಟಿಕ್ ಹಾಕಿ, ನಾನು ಅರ್ಹ ಎಂದು ಪ್ರಮಾಣ ಮಾಡುತ್ತಾನೆ. ಸುಳ್ಳೆಂದು ಗೊತ್ತಿದ್ದೂ ಪ್ರಮಾಣ ಮಾಡಿದರೆ ಅದೇ ಒಂದು ಫೆಲೊನಿ: ಐದು ವರ್ಷದವರೆಗೆ ಜೈಲು, 5,000 ಡಾಲರ್ ದಂಡ. ಡ್ರೈವಿಂಗ್ ಲೈಸೆನ್ಸ್ ಸಂಖ್ಯೆ ತಾಳೆಯಾದರೆ ಹೆಸರು ಪಟ್ಟಿಗೆ ಸೇರಿ ಕಾರ್ಡು ಮನೆಗೆ ಬರುತ್ತದೆ. ಶಿಕ್ಷೆಯ ದಾಖಲೆಗಳ ಪರಿಶೀಲನೆ ಆಗುವುದು ಆಮೇಲೆ. ರಾಜ್ಯದ ಚುನಾವಣಾ ವಿಭಾಗಕ್ಕೆ ಅನರ್ಹತೆಯ ನಂಬಲರ್ಹ ಮಾಹಿತಿ ಸಿಕ್ಕರೆ ಕಡತ ಕೌಂಟಿಯ ಚುನಾವಣಾ ಮೇಲ್ವಿಚಾರಕರಿಗೆ ಹೋಗುತ್ತದೆ, ಅವರು ನೋಟಿಸ್ ಕೊಡುತ್ತಾರೆ, ಉತ್ತರಕ್ಕೆ 30 ದಿನ. ಉತ್ತರ ಬರದಿದ್ದರೆ ಹೆಸರು ಹೊರಗೆ.

2020ರ ವಸಂತದ ಹೊತ್ತಿಗೆ ಹೀಗೆ ಪರಿಶೀಲನೆಗೆ ಕಾದಿದ್ದ ನೋಂದಣಿಗಳು ಸುಮಾರು 85,000. ವಿಭಾಗದ ಸಿಬ್ಬಂದಿ ದಿನಕ್ಕೆ ಸರಾಸರಿ 57 ನೋಡಬಲ್ಲರು. ಆ ವೇಗದಲ್ಲಿ ಮುಗಿಯುವುದು 2026ರ ಆರಂಭಕ್ಕೆ ಎಂದು ನ್ಯಾಯಾಧೀಶರೇ ಲೆಕ್ಕ ಹಾಕಿದರು. ತಿದ್ದುಪಡಿ ಗೆದ್ದು 18 ತಿಂಗಳಾಗಿದ್ದರೂ ಹಣದ ಬಾಕಿಯ ಪರಿಶೀಲನೆ ಮುಗಿದಿದ್ದ ಅರ್ಜಿಗಳ ಸಂಖ್ಯೆ: ಸೊನ್ನೆ.

ಎರಡು ಕೋರ್ಟು, ಎರಡು ತರ್ಕ

ಈ ನ್ಯಾಯಾಧೀಶರು ಟ್ಯಾಲಹಾಸಿಯ ಫೆಡರಲ್ ಕೋರ್ಟಿನ ರಾಬರ್ಟ್ ಹಿಂಕಲ್. ಕೋವಿಡ್ ಕಾಲದಲ್ಲಿ ವಿಡಿಯೊ ಮೂಲಕ ಎಂಟು ದಿನ ವಿಚಾರಣೆ ನಡೆಸಿ, 2020ರ ಮೇ 24ರಂದು 125 ಪುಟಗಳ ತೀರ್ಪು ಕೊಟ್ಟರು. ಪ್ರಾಧ್ಯಾಪಕ ಡೇನಿಯಲ್ ಸ್ಮಿತ್ ಅವರ ವಿಶ್ಲೇಷಣೆಯಂತೆ, ಶಿಕ್ಷೆಯ ಉಳಿದೆಲ್ಲ ಭಾಗ ಮುಗಿಸಿದ್ದ 10 ಲಕ್ಷಕ್ಕೂ ಹೆಚ್ಚು ಜನರಲ್ಲಿ ಸುಮಾರು 7.74 ಲಕ್ಷ ಮಂದಿ ಹಣದ ಬಾಕಿಯ ಕಾರಣಕ್ಕೇ ಹೊರಗುಳಿಯುತ್ತಿದ್ದರು. ಬಹುಪಾಲು ಜನರಿಗೆ ಕಟ್ಟುವ ತಾಕತ್ತೇ ಇಲ್ಲ ಎಂದು ಹಿಂಕಲ್ ಕಂಡುಕೊಂಡರು. ಅವರ ತೀರ್ಪು ಬಾಕಿಯನ್ನು ಎರಡಾಗಿ ಸೀಳಿತು. ದಂಡ ಮತ್ತು ಪರಿಹಾರಧನ ಶಿಕ್ಷೆಯ ಭಾಗ, ಕಟ್ಟಬಲ್ಲವರಿಂದ ಕೇಳಬಹುದು. ಶುಲ್ಕ ಮತ್ತು ಕೋರ್ಟ್ ಖರ್ಚು ಮಾತ್ರ ಸರ್ಕಾರ ನಡೆಸಲು ಎತ್ತುವ ಹಣ, ಅಂದರೆ ತೆರಿಗೆ. ತೆರಿಗೆ ಕಟ್ಟಲಿಲ್ಲವೆಂದು ಫೆಡರಲ್ ಚುನಾವಣೆಯಲ್ಲಿ ಮತ ನಿರಾಕರಿಸುವುದನ್ನು ಅಮೆರಿಕ ಸಂವಿಧಾನದ 1964ರ 24ನೇ ತಿದ್ದುಪಡಿ ನಿಷೇಧಿಸಿದೆ. ದಕ್ಷಿಣದ ರಾಜ್ಯಗಳ ಮತತೆರಿಗೆಯನ್ನು ಮುಗಿಸಲೆಂದೇ ಅದು ಬಂದದ್ದು. ಫ್ಲಾರಿಡಾವೂ 1937ರವರೆಗೆ ಮತತೆರಿಗೆ ಇಟ್ಟುಕೊಂಡಿದ್ದ ರಾಜ್ಯವೇ.

ಅವರು ಕೊಟ್ಟ ಪರಿಹಾರವೂ ಕಚೇರಿಯ ಭಾಷೆಯಲ್ಲೇ ಇತ್ತು. ನನ್ನ ಬಾಕಿ ಎಷ್ಟು ಎಂದು ಕೇಳಲು ಒಂದು ಫಾರ್ಮ್. ಸರ್ಕಾರ 21 ದಿನದೊಳಗೆ ಮೊತ್ತ ಹೇಳಬೇಕು. ಹೇಳದಿದ್ದರೆ ಅವನು ನೋಂದಾಯಿಸಿ ಮತ ಹಾಕಬಹುದು, ಆಮೇಲೆ ಮೊಕದ್ದಮೆ ಹೂಡುವಂತಿಲ್ಲ. ನಮ್ಮ ಬ್ಯಾಂಕುಗಳಲ್ಲಿ ನೋ ಡ್ಯೂ ಸರ್ಟಿಫಿಕೇಟಿಗೆ ಅಲೆದವರಿಗೆ ಇದರ ಬೆಲೆ ಗೊತ್ತು.

ಫಾರ್ಮ್ ಬಳಕೆಗೆ ಬರಲೇ ಇಲ್ಲ. ಜುಲೈ 1ಕ್ಕೆ ಹನ್ನೊಂದನೇ ಸರ್ಕಿಟ್‌ನ ಮೇಲ್ಮನವಿ ಕೋರ್ಟು ತಡೆ ಕೊಟ್ಟಿತು. ಜುಲೈ 16ಕ್ಕೆ ಅಮೆರಿಕದ ಸುಪ್ರೀಂ ಕೋರ್ಟು ತಡೆ ತೆರವುಗೊಳಿಸಲು ಒಪ್ಪಲಿಲ್ಲ, ನ್ಯಾಯಮೂರ್ತಿ ಸೋಟೊಮಾಯೋರ್ ಭಿನ್ನಮತ ಬರೆದರು, ಗಿನ್ಸ್‌ಬರ್ಗ್ ಮತ್ತು ಕೇಗನ್ ಅದಕ್ಕೆ ಸೇರಿದರು. ಸೆಪ್ಟೆಂಬರ್ 11ರಂದು ಮೇಲ್ಮನವಿ ಕೋರ್ಟಿನ ಪೂರ್ಣಪೀಠ 6–4ರಲ್ಲಿ ಹಿಂಕಲ್ ತೀರ್ಪನ್ನು ರದ್ದು ಮಾಡಿತು. ಬಹುಮತದ ಆರರಲ್ಲಿ ಐವರು ಟ್ರಂಪ್ ನೇಮಿಸಿದವರು. ಅವರಲ್ಲಿ ಇಬ್ಬರು, ಬಾರ್ಬರಾ ಲಗೋವಾ ಮತ್ತು ರಾಬರ್ಟ್ ಲಕ್, ಹಿಂದಿನ ವರ್ಷವಷ್ಟೇ ರಾಜ್ಯ ಸುಪ್ರೀಂ ಕೋರ್ಟಿನಲ್ಲಿ ಕೂತು ಇದೇ "ಎಲ್ಲ ಷರತ್ತು" ಪ್ರಶ್ನೆಯ ವಾದ ಕೇಳಿದ್ದವರು. ಹಿಂದೆ ಸರಿಯಬೇಕೆಂಬ ಮನವಿಯನ್ನು ಇಬ್ಬರೂ ಒಪ್ಪಲಿಲ್ಲ.

ಮುಖ್ಯ ನ್ಯಾಯಾಧೀಶ ವಿಲಿಯಂ ಪ್ರಯರ್ ಬರೆದ ತೀರ್ಪಿನ ತರ್ಕ ನೇರವಾಗಿದೆ. ಕೋರ್ಟ್ ಖರ್ಚೂ ಅಪರಾಧಕ್ಕೆ ವಿಧಿಸಿದ ಶಿಕ್ಷೆಯ ಭಾಗ, ತೆರಿಗೆಯಲ್ಲ. ಸಮಾಜಕ್ಕೆ ಕೊಡಬೇಕಾದ್ದನ್ನು ಪೂರ್ತಿ ತೀರಿಸಿದವನಿಗೇ ಮತ ಎಂದು ರಾಜ್ಯ ನಿರ್ಧರಿಸಬಹುದು. ನಿಯಮ ಏನೆಂದು ಹೇಳುವುದು ರಾಜ್ಯದ ಕೆಲಸ. ಆ ನಿಯಮಕ್ಕೆ ತಾನು ಹೊಂದುತ್ತೇನೆಯೇ ಎಂಬ ಸಂಗತಿಯನ್ನು ಹುಡುಕಿಕೊಳ್ಳುವುದು ಮತದಾರನ ಕೆಲಸ. ಮೊದಲೆರಡನ್ನು ಒಪ್ಪಿದರೂ ಈ ಮೂರನೆಯದು ನಿಲ್ಲುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಸಾಲ ಕೊಟ್ಟವನೇ ಖಾತೆ ಪುಸ್ತಕ ಇಟ್ಟುಕೊಂಡು, ಮೊತ್ತ ನೀನೇ ಹೇಳು, ತಪ್ಪಿದರೆ ಜೈಲು ಅಂದಂತೆ ಇದು. ಕಟ್ಟುವ ಹಣ ಕೈಯಲ್ಲಿ ಹಿಡಿದು ಬಂದವನಿಗೂ ಇಲ್ಲಿ ದಾರಿಯಿಲ್ಲ.

ನೋಂದಣಿಯ ಕೊನೆಯ ದಿನ ಅಕ್ಟೋಬರ್ 5. ಉಳಿದದ್ದು ಮೂರು ವಾರ ಚಿಲ್ಲರೆ.

ಸಂದಿಗೊಂದಿಗಳು

ಮೀಡ್ ಅವರ ಸಂಸ್ಥೆ ಚಂದಾ ಎತ್ತಿ ಜನರ ಬಾಕಿ ಕಟ್ಟತೊಡಗಿತು. ಡೆಮಾಕ್ರಟಿಕ್ ಪಕ್ಷದ ಕೋಟ್ಯಧೀಶ ಮೈಕೆಲ್ ಬ್ಲೂಮ್‌ಬರ್ಗ್ ಒಟ್ಟುಮಾಡಿದ 1.6 ಕೋಟಿ ಡಾಲರ್ ಸೇರಿ ಸುಮಾರು 2.7 ಕೋಟಿ ಡಾಲರ್‌ನಿಂದ 40 ಸಾವಿರದಷ್ಟು ಜನರ ಬಾಕಿ ತೀರಿಸಿದ್ದಾಗಿ ಸಂಸ್ಥೆ ಹೇಳಿತು. ಇದರಲ್ಲಿ ಮತ ಖರೀದಿಯ ವಾಸನೆ ಇದೆಯೇ ನೋಡಿ ಎಂದು ರಾಜ್ಯದ ಅಟಾರ್ನಿ ಜನರಲ್ ಆಶ್ಲಿ ಮೂಡಿ ಎಫ್‌ಬಿಐಗೆ ಪತ್ರ ಬರೆದರು. ಕಟ್ಟದಿದ್ದರೆ ಮತವಿಲ್ಲ, ಬೇರೆಯವರು ಕಟ್ಟಿದರೆ ತನಿಖೆ.

ಇನ್ನೊಂದು ದಾರಿ ಮಸೂದೆಯೊಳಗೇ ಇತ್ತು. ಹಣ ಬರಬೇಕಾದವರು ಒಪ್ಪಿದರೆ ನ್ಯಾಯಾಧೀಶರು ಬಾಕಿ ಮನ್ನಾ ಮಾಡಬಹುದು, ಅಥವಾ ಸಮುದಾಯ ಸೇವೆಯಾಗಿ ಬದಲಿಸಬಹುದು. ಮಯಾಮಿ-ಡೇಡ್, ಹಿಲ್ಸ್‌ಬರೋ, ಪಾಮ್ ಬೀಚ್, ಬ್ರೋವಾರ್ಡ್ ಕೌಂಟಿಗಳು ಇದಕ್ಕೆ ಗುಂಪು ವಿಚಾರಣೆಯ ವ್ಯವಸ್ಥೆ ಮಾಡಿದವು. ಎಲ್ಲವೂ ದೊಡ್ಡ ನಗರಗಳ ಕೌಂಟಿಗಳು, ಡೆಮಾಕ್ರಟಿಕ್ ಒಲವಿನ ಪ್ರಾಸಿಕ್ಯೂಟರುಗಳಿದ್ದ ಕಡೆ. ಬಾಕಿ ಅಷ್ಟೇ ಇದ್ದರೂ, ಶಿಕ್ಷೆ ಯಾವ ಕೌಂಟಿಯಲ್ಲಾಗಿತ್ತು ಎಂಬುದರ ಮೇಲೆ ಮತ ನಿಂತಿತು.

2022ರ ಆಗಸ್ಟ್

ಚುನಾವಣಾ ಅಪರಾಧಗಳಿಗೆಂದೇ ಹೊಸ ಕಚೇರಿ ತೆರೆದ ಡಿಸ್ಯಾಂಟಿಸ್, 2022ರ ಆಗಸ್ಟ್ 18ರಂದು ಬ್ರೋವಾರ್ಡ್ ಕೌಂಟಿ ಕೋರ್ಟಿನಲ್ಲಿ ನಿಂತು 20 ಜನರ ಮೇಲೆ ಮೊಕದ್ದಮೆ ಹೂಡಿದ್ದನ್ನು ಪ್ರಕಟಿಸಿದರು. ಇವರೆಲ್ಲ ಕೊಲೆ ಅಥವಾ ಲೈಂಗಿಕ ಅಪರಾಧದಲ್ಲಿ ಶಿಕ್ಷೆಯಾದವರು, ತಿದ್ದುಪಡಿಯ ವ್ಯಾಪ್ತಿಯ ಹೊರಗಿನವರು, ಆದರೂ 2020ರಲ್ಲಿ ಮತ ಹಾಕಿದ್ದರು. ಅನರ್ಹರೇ ಹೌದು. ಅನೇಕರ ಕೈಯಲ್ಲಿ ಮಾತ್ರ ಚುನಾವಣಾ ಕಚೇರಿ ಕಳಿಸಿದ ಕಾರ್ಡಿತ್ತು. ಬಂಧನದ ವೇಳೆ ಪೊಲೀಸರ ಮೈಮೇಲಿದ್ದ ಕ್ಯಾಮೆರಾದ ದೃಶ್ಯಗಳು ಅಕ್ಟೋಬರ್‌ನಲ್ಲಿ ಹೊರಬಂದವು. ಕಾರ್ಡು ಕೊಟ್ಟಿದ್ದೀರಲ್ಲ, ಅದಕ್ಕೇ ಹಾಕಿದೆ ಎಂದು ಬಂಧಿತರು ಕೇಳುತ್ತಿದ್ದರು. ರಾಜ್ಯಮಟ್ಟದ ಪ್ರಾಸಿಕ್ಯೂಟರ್‌ಗೆ ಅಧಿಕಾರವ್ಯಾಪ್ತಿ ಇಲ್ಲವೆಂದು ಹಲವು ಮೊಕದ್ದಮೆಗಳು ವಜಾ ಆದವು. 2023ರ ಫೆಬ್ರವರಿಯಲ್ಲಿ ಶಾಸನಸಭೆ ವಿಶೇಷ ಅಧಿವೇಶನ ಕರೆದು ಆ ಅಧಿಕಾರ ಕೊಟ್ಟಿತು.

ಬಾಕಿಯ ಕಾರಣಕ್ಕೇ ಮತದಿಂದ ದೂರವಿರುವವರ ಸಂಖ್ಯೆಯನ್ನು ಸೆಂಟೆನ್ಸಿಂಗ್ ಪ್ರಾಜೆಕ್ಟ್ ಸಂಸ್ಥೆ 2022ರಲ್ಲಿ 9.3 ಲಕ್ಷಕ್ಕೂ ಹೆಚ್ಚು ಎಂದು ಅಂದಾಜು ಮಾಡಿತು. ಬೇರೆ ರಾಜ್ಯದಲ್ಲಿ ಶಿಕ್ಷೆಯಾದವರಿಗೆ ಆಯಾ ರಾಜ್ಯದ ನಿಯಮವನ್ನೇ ಫ್ಲಾರಿಡಾ ಒಪ್ಪುತ್ತದೆ. ನ್ಯೂಯಾರ್ಕಿನ 2021ರ ಕಾನೂನಿನಂತೆ ಜೈಲಿನ ಹೊರಗಿರುವವರೆಲ್ಲ ಮತ ಹಾಕಬಹುದು. ಹಾಗಾಗಿ 2024ರ ಮೇ 30ರಂದು ನ್ಯೂಯಾರ್ಕಿನಲ್ಲಿ 34 ಫೆಲೊನಿ ಆರೋಪಗಳಲ್ಲಿ ದೋಷಿಯೆನಿಸಿದ ಡೊನಾಲ್ಡ್ ಟ್ರಂಪ್, ನವೆಂಬರ್‌ನಲ್ಲಿ ಪಾಮ್ ಬೀಚಿನ ಮತಗಟ್ಟೆಗೆ ಹೋಗಿ ಯಾವ ತೊಡಕೂ ಇಲ್ಲದೆ ಮತ ಹಾಕಿದರು.

ಮತದಾರರ ಕಾರ್ಡೂ ಬದಲಾಗಿದೆ. 2023ರ ಕಾನೂನಿನ ನಂತರ ಅದರ ಮೇಲೆ ಹೊಸದೊಂದು ಸಾಲು ಅಚ್ಚಾಗುತ್ತದೆ: ಈ ಕಾರ್ಡು ಮಾಹಿತಿಗೆ ಮಾತ್ರ, ಮತ ಹಾಕುವ ಅರ್ಹತೆಗೆ ಇದು ಪುರಾವೆಯಲ್ಲ.